ಬೀಗ ಹಾಕದ ಬಾಗಿಲು

ಓದುವಾಗ ದನಿ ನಡುಗಿದರೆ ಏನು ಮಾಡಲಿ ಎಂದು ಬರೆದು ಮೈರಾ ಪೆನ್ನಿನ ಕ್ಯಾಪು ಹಾಕಿದಳು. ಬರೆದದ್ದು ಸುಳ್ಳಲ್ಲ. ಇನ್ನು ಎರಡು ಗಂಟೆಯಲ್ಲಿ ಈ ಮನೆಯ ಹಾಲ್‌ನಲ್ಲಿ ಹದಿನೈದು ಜನ ಕೂತಿರುತ್ತಾರೆ, ಅವರೆದುರು ನಿಂತು ಒಂದು ಪುಟ ಓದಬೇಕು. ಬಿ.ಎ. ಮುಗಿಸುವ ತನಕ ತರಗತಿಯಲ್ಲಿ ಒಮ್ಮೆಯೂ ಎದ್ದು ನಿಂತು ಮಾತಾಡದವಳು ಅವಳು. ಆದರೆ ಅದಕ್ಕಿಂತ ದೊಡ್ಡದನ್ನು ಡೈರಿಯಲ್ಲಿ ಬರೆಯುವ ಧೈರ್ಯ ಈಗ ಇರಲಿಲ್ಲ. ಬುಧವಾರ ಸೂಟ್‌ಕೇಸು ತೆರೆದಾಗ ಡೈರಿಯ ರಿಬ್ಬನ್ನು ತಾನು ಇಟ್ಟ ಪುಟದಲ್ಲಿರಲಿಲ್ಲ. ಅದೇ ಸಂಜೆ ಭಾವ ಝೇವಿಯರ್ ಚಹಾ ಕುಡಿಯುತ್ತ, ನಗುತ್ತಲೇ, ಅವಳ ಟಿಕೆಟ್ಟು ಭಾನುವಾರಕ್ಕೆ ಬುಕ್ ಆಗಿದೆ ಎಂದಿದ್ದ. ವಿಸಿಟ್ ವೀಸಾ ಮುಗಿಯಲು ಇನ್ನೂ ಒಂದೂವರೆ ತಿಂಗಳಿತ್ತು.

ದೋಹಾದ ಅಲ್ ಸದ್ದ್‌ನ ಆ ಮೂರನೇ ಮಹಡಿಯ ಫ್ಲ್ಯಾಟಿಗೆ ಅವಳು ಬಂದದ್ದು ಬಸುರಿ ಅಕ್ಕ ಜೂಲಿಯೆಟ್‌ಗೆ ಸಹಾಯವಾಗಲೆಂದು. ಅಕ್ಕನಿಗೆ ಹೆರಿಗೆಗೆ ಉಡುಪಿಗೆ ಹೋಗಬೇಕು. ಅವಳ ಪಾಸ್‌ಪೋರ್ಟು ಝೇವಿಯರನ ಬ್ರೀಫ್‌ಕೇಸಿನಲ್ಲಿತ್ತು. ಅಲ್ಲಿಯ ಕಾನೂನಿನಂತೆ ಗಂಡ ಸಹಿ ಹಾಕದೆ ಅವಳು ದೇಶ ಬಿಡುವಂತಿರಲಿಲ್ಲ. ಕೇಳಿದಾಗಲೆಲ್ಲ ಅವನು, ನೋಡುವಾ, ಎನ್ನುತ್ತಿದ್ದ. ಮಂಗಳವಾರ ಅಕ್ಕ ಮತ್ತೊಮ್ಮೆ ಕೇಳಿದ್ದಳು. ಅಡಿಗೆಮನೆಯಲ್ಲಿ ಮೀನು ತೊಳೆಯುತ್ತಿದ್ದ ಮೈರಾ ನಲ್ಲಿ ನಿಲ್ಲಿಸಿ ತಿರುಗಿದಾಗ ಕಂಡದ್ದು ಭಾವನ ಎರಡೂ ಕೈ, ಅಕ್ಕನ ಹೆಗಲು, ಆಮೇಲೆ ಬಾಗಿಲ ಚೌಕಟ್ಟು. ಅವನು ದನಿ ಎತ್ತರಿಸಲೂ ಇಲ್ಲ. ಕಾರಿನ ಕೀ ಹುಡುಕಿ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಾತ್‌ರೂಮಿನಲ್ಲಿ ಜಾರಿದಳು ಎಂದು ಡಾಕ್ಟರಿಗೆ ಹೇಳಿದ, ಅಕ್ಕ ತಲೆಯಾಡಿಸಿದಳು. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ತಂಗಿಯ ಕಿವಿಯಲ್ಲಿ ಅಂದದ್ದು ಒಂದೇ ಮಾತು: “ನೀನು ಎಂತದೂ ನೋಡ್ಲಿಲ್ಲ.”

ಅದನ್ನು ಮೈರಾ ಆ ದಿನವೇ ಡೈರಿಯಲ್ಲಿ ಬರೆದಿಟ್ಟಿದ್ದಳು.

ಊರಿನವರ ಹಳೆ ಸಿನಿಮಾ ಬಳಗಕ್ಕೆ ಝೇವಿಯರನೇ ಕಾರ್ಯದರ್ಶಿ. ತಿಂಗಳಿಗೊಂದು ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ ಆಡುವವರು ಅಲ್ಲಿ ಮಾತ್ರ ಕನ್ನಡಕ್ಕೆ ಬರುತ್ತಿದ್ದರು. ಈ ಸಲದ್ದು ಎರಡನೇ ಮಹಾಯುದ್ಧ ಮುಗಿದ ಎರಡು ವರ್ಷಕ್ಕೆ ಲಂಡನ್ನಿನಲ್ಲಿ ತೆಗೆದ ಕಪ್ಪುಬಿಳುಪು ಚಿತ್ರ. ವೈದ್ಯನೊಬ್ಬನ ಹೆಂಡತಿ ಎಲೈಜಾ ದೊಡ್ಡ ಮನೆಯ ಮೆಟ್ಟಿಲಿನಿಂದ ಬೀಳುತ್ತಾಳೆ. ಅವಳ ನರ ದುರ್ಬಲ ಎಂದು ಗಂಡ ಎಲ್ಲರನ್ನೂ ನಂಬಿಸುತ್ತಾನೆ. ಕ್ಯಾಸೆಟ್ ಅಂಗಡಿಯ ಮಹಮೂದ್ ಅದನ್ನು ತರಿಸಿದ್ದ. ಚಿತ್ರ ಬಂದ ಕಾಲದಲ್ಲಿ ವಿಮರ್ಶಕರು ಏನಂದಿದ್ದರು ಎಂಬುದನ್ನು ಮೈರಾ ಲೈಬ್ರರಿಯ ಹಳೆ ಸಂಪುಟವೊಂದರಿಂದ ಹೆಕ್ಕಿ ಬರೆದುಕೊಡಬೇಕೆಂದು ಭಾವನೇ ಹೇಳಿದ್ದು. ಅವಳು ಬರೆದಳು. ಚಿತ್ರ ನೋಡದಿದ್ದರೂ, ಅವರು ಬರೆದ ಕಥೆ ಓದಿಯೇ, ಕೊನೆಯಲ್ಲಿ ತನ್ನದೂ ಒಂದು ವಾಕ್ಯ ಸೇರಿಸಿದಳು: ಎಲೈಜಾ ಜಾರಿ ಬೀಳಲಿಲ್ಲ ಎಂದು ನನಗನ್ನಿಸಿತು. ಗುರುವಾರ ಭಾವನ ಆಫೀಸಿನಲ್ಲಿ ಟೈಪ್ ಆಗಿ ಬಂದ ಹಾಳೆಯಲ್ಲಿ ಆ ವಾಕ್ಯ ಇರಲಿಲ್ಲ.

“ಕ್ರಿಟಿಕ್ಸ್ ಹೇಳಿದ್ದು ಸಾಕು,” ಎಂದ ಭಾವ. “ನಿನ್ನದು ಯಾಕೆ?”

ಮೂರು ಗಂಟೆಗೆ ಪರದೆ ಎಳೆದರೂ ಬಿಸಿಲು ಅಂಚಿನಿಂದ ನುಗ್ಗುತ್ತಿತ್ತು. ಏಸಿಯ ಸದ್ದಿನ ನಡುವೆ ಮೈರಾ ಓದಿದಳು. ಮೆಟ್ಟಿಲ ಮೇಲಿನ ನೆರಳನ್ನು ಎಲ್ಲ ಪತ್ರಿಕೆಗಳೂ ಹೊಗಳಿದ್ದವು. ನಾಯಕಿ ಅಳುವುದು ಹೆಚ್ಚು, ಯೋಚಿಸುವುದು ಕಡಿಮೆ ಎಂದು ಒಬ್ಬ ಬರೆದಿದ್ದ. ಬಾಗಿಲಿಗೆ ಬೀಗವೇ ಹಾಕದ ಮನೆಯಿಂದ ಹೆಂಗಸೊಬ್ಬಳು ಹೊರಟುಹೋಗುವುದಿಲ್ಲ ಎಂದರೆ ನಂಬುವುದು ಹೇಗೆಂದು ಇನ್ನೊಬ್ಬ ಕೇಳಿದ್ದ. ದನಿ ನಡುಗಿತು. ಮುಂದಿನದನ್ನು ಚಿತ್ರ ಮುಗಿದ ಮೇಲೆ ಓದು ಎಂದು ಭಾವ ಮೆಲ್ಲಗೆ ಹೇಳಿದ.

ಮಹಮೂದ್ ವಿಸಿಆರ್‌ಗೆ ಕ್ಯಾಸೆಟ್ ತುರುಕಿದ. ಏರ್‌ಪೋರ್ಟಿನ ಸೆನ್ಸಾರಿನವರು ಮೂರು ವಾರ ಇಟ್ಟುಕೊಂಡು, ನೋಡಿ, ಕೊಟ್ಟದ್ದಂತೆ. “ಮುತ್ತು ಕೊಡುವುದು ಖಲಾಸ್ ಮಾಡಿದ್ದಾರೆ. ಬೀಳುವುದು ಹಾಗೇ ಉಂಟು,” ಎಂದಾಗ ಎಲ್ಲರೂ ನಕ್ಕರು.

ಬೀಳುವುದನ್ನು ಚಿತ್ರವೂ ತೋರಿಸಲಿಲ್ಲ. ಕಂಬಿಯ ಮೇಲೆ ವೈದ್ಯನ ಕೈ, ಗೋಡೆಯ ಮೇಲೆ ಉದ್ದನೆಯ ನೆರಳು, ಆಮೇಲೆ ಕೆಳಗೆ ಬಿದ್ದಿದ್ದ ಒಂದು ಬಿಳಿ ಚಪ್ಪಲಿ. ಮೈರಾ ಅಕ್ಕನ ಕಡೆ ನೋಡಿದಳು. ಅಕ್ಕ ಟೀವಿ ನೋಡುತ್ತಿರಲಿಲ್ಲ. ಪ್ಲಾಸ್ಟರಿನ ಕೈಯನ್ನು ಹೊಟ್ಟೆಗೆ ಅಡ್ಡ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಭಾನುವಾರದ ಮೇಲೆ ಈ ಮನೆಯಲ್ಲಿ ಅಕ್ಕ, ಭಾವ ಇಬ್ಬರೇ.

ಚಿತ್ರ ಮುಗಿದು ಪರದೆ ಸರಿಸಿದರು. ಟೇಪು ಹಿಂದಕ್ಕೆ ಸುತ್ತತೊಡಗಿತು.

“ಅಲ್ಲ ಮಾರಾಯ್ರೆ,” ಎಂದ ಮಹಮೂದ್, “ಬಾಗಿಲು ತೆರೆದೇ ಉಂಟು. ಹೋಗ್ಲಿಕ್ಕೆ ಎಂತ ಅವಳಿಗೆ?”

“ಅದನ್ನೇ ಅಲ್ವಾ ಕ್ರಿಟಿಕ್ಸ್ ಐವತ್ತು ವರ್ಷದ ಹಿಂದೆ ಹೇಳಿದ್ದು,” ಎಂದು ಝೇವಿಯರ್ ನಕ್ಕ.

ಬಳಗದವರೆಲ್ಲ ಗೌರವಕ್ಕೆ ಬಾಯಿ ಎನ್ನುತ್ತಿದ್ದ ಹಿರಿಯ ಹೆಂಗಸು ಅಪೊಲೋನಿಯಾ ನಗಲಿಲ್ಲ. ಇಪ್ಪತ್ತು ವರ್ಷದಿಂದ ದೋಹಾದಲ್ಲಿ ನರ್ಸ್ ಆಗಿದ್ದವರು. ಬಂದಾಗಿನಿಂದ ಅವರ ಕಣ್ಣು ಪ್ಲಾಸ್ಟರಿನ ಮೇಲೆಯೇ ಇತ್ತು. ಅದು ಹೇಗಾಯಿತೆಂದು ಜೂಲಿಯೆಟ್‌ಳನ್ನು ಕೇಳಿದರು. ಬಾತ್‌ರೂಮಿನಲ್ಲಿ ಸೋಪಿನ ನೀರು ಎಂದು ಝೇವಿಯರ್ ಉತ್ತರಿಸಿದ.

“ನಾನು ಅವಳತ್ರ ಕೇಳಿದ್ದು ಮಗಾ.”

“ಜಾರಿದ್ದು, ಬಾಯಿ,” ಎಂದಳು ಜೂಲಿಯೆಟ್.

“ಕ್ರಿಸ್ಮಸ್ಸಿಗೆ ತುಟಿ ಒಡೆದದ್ದು ಸಹ ಬಾತ್‌ರೂಮಿನಲ್ಲೇ ಅಲ್ವಾ?”

ಮಹಮೂದ್ ಕ್ಯಾಸೆಟ್ಟಿನ ಖಾಲಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಝೇವಿಯರ್ ಎದ್ದು ಹೋಗಿ ಹೆಂಡತಿಯ ಹಿಂದೆ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟ, ಹಗುರವಾಗಿ. ಅಕ್ಕ ಪ್ಲಾಸ್ಟರಿನ ಕೈಯನ್ನು ಇನ್ನಷ್ಟು ಮೈಗೆ ಒತ್ತಿಕೊಂಡದ್ದು ಮೈರಾಳಿಗೆ ಕಂಡಿತು.

“ಕೊನೆದು ಓದ್ಲಿಕ್ಕೆ ಬಾಕಿ ಉಂಟಲ್ಲ ಮೈರಾ,” ಎಂದ. “ಯಲ್ಲಾ, ಬೇಗ ಓದು. ಚಹಾಕ್ಕೆ ಹೊತ್ತಾಯ್ತು.”

ಅವಳು ಎದ್ದು ನಿಂತು ಹಾಳೆ ಬಿಡಿಸಿದಳು. ಎಲೈಜಾ ಬಿದ್ದದ್ದು ಯಾರ ತಪ್ಪಿನಿಂದಲೂ ಅಲ್ಲ, ತನ್ನದೇ ದುರ್ಬಲ ನರಗಳಿಂದ ಎಂಬುದು ಆ ಕಾಲದ ಹೆಚ್ಚಿನ ವಿಮರ್ಶಕರ ಅಭಿಪ್ರಾಯವಾಗಿತ್ತು ಎಂದು ಓದಿದಳು. ಅದರ ಕೆಳಗೆ ತನ್ನ ವಾಕ್ಯವಿರಬೇಕಾದಲ್ಲಿ ಬಿಳಿ ಕಾಗದ. ಭಾವ ಮುಗಿಯಿತೆಂಬಂತೆ ಚಪ್ಪಾಳೆಗೆ ಕೈಯೆತ್ತಿದ. ಅಕ್ಕ ಮೊದಲ ಸಲ ತಲೆಯೆತ್ತಿ ತಂಗಿಯ ಮುಖ ನೋಡಿ, ಬೇಡ ಎನ್ನುವ ಹಾಗೆ ಕಣ್ಣು ಮುಚ್ಚಿದಳು.

ಸುತ್ತುತ್ತಿದ್ದ ಟೇಪು ಮೊದಲಿಗೆ ಬಂದು ಟಕ್ಕೆಂದು ನಿಂತಿತು. ಮೈರಾ ಹಾಳೆಯನ್ನು ಎರಡಾಗಿ ಮಡಚಿ ಅಪೊಲೋನಿಯಾ ಬಾಯಿಯ ಕಡೆ ತಿರುಗಿದಳು.

“ಅಕ್ಕ ಜಾರಿ ಬೀಳಲಿಲ್ಲ.”