ಮಸುಕು ಮಾಡಿಟ್ಟ ಸಾಲುಗಳು

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನಗೆ ಕಲಿಸಿದ್ದು ಭಾವ, ನನ್ನ ಅಕ್ಕನ ಗಂಡ. ಎದೆನೋವೆಂದು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದಾಗ ತಮ್ಮ ಹನ್ನೊಂದು ವರ್ಷದ ಟಿಪ್ಪಣಿಗಳ ಫೈಲನ್ನು ನನಗೆ ಕಳಿಸಿದರು. ಯಂತ್ರ ಬದುಕಿದೆಯೇ ಎಂದು ತಟ್ಟಿ ನೋಡುವ ಪಿಂಗ್ ಯಾವಾಗ ಸುಳ್ಳು ಹೇಳುತ್ತದೆ, ದೂರದಿಂದ ಒಂದು ಯಂತ್ರದೊಳಗೆ ಹೊಕ್ಕಾಗ ಏನು ಮುಟ್ಟಬಾರದು, ಎಲ್ಲ ಅದರಲ್ಲಿತ್ತು. ಕಮಾಂಡ್ ಒಂದು ಸಾಲಾದರೆ ಬುದ್ಧಿವಾದ ನಾಲ್ಕು ಸಾಲು.

ನನಗೋ ಬುದ್ಧಿವಾದ ಅಂದರೆ ಮೈಯುರಿ. ಎರಡು ದಿನ ಕೂತು, ಆ ಫೈಲು ತೆರೆಯುವ ನನ್ನ ಎಡಿಟರ್ ಪರದೆಗೆ ಸಿಂಗಾರ ಮಾಡಿದೆ. ಕಪ್ಪು ಹಿನ್ನೆಲೆ, ಕಮಾಂಡ್‌ಗಳಿಗೆ ಹಸಿರು, ಭಾವನ ಮಾತುಗಳಿಗೆ ಕಣ್ಣಿಗೆ ಬೀಳದಷ್ಟು ಮಸುಕಾದ ಬೂದು.

ತೋರಿಸಿದಾಗ ಭಾವ ಹಾಸಿಗೆಯಲ್ಲೇ ನಕ್ಕರು. "ಅಂತೂ ನನ್ನ ಬಾಯಿ ಮುಚ್ಚಿಸ್ದೆ ಅನ್ನು!"

ಮರುದಿನ ಮಧ್ಯಾಹ್ನ ಮೂರನೇ ಮಹಡಿಯ ನೆಟ್‌ವರ್ಕ್ ತೆವಳುತ್ತಿದೆ ಎಂದು ದೂರು ಬಂತು. ನೆಲಮಾಳಿಗೆಯ ಕೋಣೆಯಿಂದಲೇ ಅಲ್ಲಿನ ನೆಟ್‌ವರ್ಕ್ ಯಂತ್ರದೊಳಗೆ ಲಾಗಿನ್ ಆಗಿ, ಬೇಡದ ದಟ್ಟಣೆ ತಡೆಯಲು ಭಾವ ಬರೆದಿದ್ದ ಹಸಿರು ಸಾಲುಗಳನ್ನು ಒಂದೊಂದಾಗಿ ಹಾಕತೊಡಗಿದೆ. ಮೊದಲ ಸಾಲು ಆ ಯಂತ್ರದ ಮೂಲಕ ಹೋಗುವ ಎಲ್ಲವನ್ನೂ ತಡೆಯುತ್ತದೆ, ಎರಡನೆಯದು ಬೇಕಾದ್ದನ್ನು ಬಿಡುತ್ತದೆ. ಮೊದಲನೆಯದು ಹಾಕಿದ್ದೇ ತಡ, ನನ್ನ ಸಂಪರ್ಕವೂ ಕಡಿದುಹೋಯಿತು. ಹೊಸಬರು ಮಾಡುವ ತಪ್ಪು, ನನ್ನನ್ನೇ ಹೊರಗೆ ಹಾಕಿಕೊಂಡಿದ್ದೆ. ಮತ್ತೆ ಒಳಗೆ ಹೋಗಲು ನಾಲ್ಕೈದು ಸಲ ಒದ್ದಾಡಿದೆ. ಆಮೇಲೆ ಹೊಳೆಯಿತು: ರೋಗಿಗಳ ಮಾನಿಟರ್‌ಗಳಿಂದ ನರ್ಸ್ ಮೇಜಿಗೆ ಅಲಾರಂ ಹೋಗುವುದೂ ಅದೇ ಯಂತ್ರದ ಮೂಲಕ. ಆ ಮೇಜಿನ ಫೋನೂ ಸತ್ತಿತ್ತು.

ಮೆಟ್ಟಿಲು ಹತ್ತಿ ಓಡಿದೆ. ನರ್ಸ್ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ಮುಚ್ಚಿದ ಗಾಜಿನ ಬಾಗಿಲಿನ ಹಿಂದೆ ಭಾವನ ಮಾನಿಟರ್ ಒಂದೇ ಸಮನೆ ಕೂಗುತ್ತಿತ್ತು.

"ಇಲ್ಲಿಗೆ ಅಲಾರಂ ಬರ್ಲೇ ಇಲ್ವಲ್ಲ," ಎಂದು ನರ್ಸ್ ಆಮೇಲೆ ಹತ್ತು ಸಲ ಹೇಳಿದರು. ಅಲಾರಂ ಬಂದಿದ್ದರೂ ಭಾವ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಡಾಕ್ಟರು. ಆ ಮಾತನ್ನೇ ಹಿಡಿದುಕೊಂಡು ಎರಡು ವಾರ ದಿನ ದೂಡಿದೆ. ಅಕ್ಕನೆದುರು ಬಾಯಿ ಬಿಡಲಿಲ್ಲ, ಹೇಡಿ ನಾನು.

ನಿನ್ನೆ ಅಕ್ಕ ಪಕ್ಕದಲ್ಲಿ ಬಂದು ಕೂತಳು. "ಅವ್ರು ನಿಂಗೆ ಏನೇನೋ ಬರ್ದಿದ್ರಂತಲ್ಲೋ. ಓದು, ಅವ್ರ ಮಾತು ಕೇಳ್ಬೇಕು ನಂಗೆ."

ನನ್ನ ಬಣ್ಣಗಳನ್ನೆಲ್ಲ ಅಳಿಸಿದೆ. ಬಿಳಿ ಪರದೆಯ ಮೇಲೆ ಭಾವನ ಮಾತು ಅಚ್ಚಗಪ್ಪಾಗಿ ಎದ್ದು ನಿಂತಿತು. ಓದುತ್ತಾ ಓದುತ್ತಾ, ಎಲ್ಲವನ್ನೂ ತಡೆಯುವ ಆ ಮೊದಲ ಸಾಲಿನ ಜಾಗಕ್ಕೆ ಬಂದೆ.

"ಲೋ ಕೋತಿ, ಇದನ್ನ ಹಾಕೋ ಮುಂಚೆ, ಎರಡು ನಿಮಿಷಕ್ಕೆ ತಾನಾಗೇ ರದ್ದಾಗೋ ಹಾಗೆ ಟೈಮರ್ ಇಡು. ಮೇಲೆ ಹೋಗಿ ನರ್ಸ್‌ಗೆ ಹೇಳು, ರೋಗಿಗಳ ಹತ್ರ ಯಾರಾದ್ರೂ ನಿಂತಿರ್ಲಿ. ಅಷ್ಟು ಹೊತ್ತು ಅಲಾರಂ ಅವರಿಗೆ ಕೇಳ್ಸಲ್ಲ."

ಅಕ್ಕನಿಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ನರ್ಸ್ ಹತ್ತು ಸಲ ಹೇಳಿದ್ದನ್ನು ಅವಳೂ ಕೇಳಿದ್ದಳು.

"ಇನ್ನೊಂದ್ಸಲ ಓದು," ಎಂದಳು.