‘ಏನೂ ಇಲ್ಲ’ ಎನ್ನದ ಡಾಕ್ಟರು

ಶಿರಸಿಯ ಹೃದಯತಜ್ಞೆ ಮಹೇಶ್ವರಿಯವರ ಬಾಯಿಂದ ‘ಏನೂ ಇಲ್ಲ’ ಎಂಬ ಮಾತು ಹೊರಟು ಒಂಬತ್ತು ವರ್ಷವಾಯಿತು. ಹೃದಯದ ಸ್ಕ್ಯಾನಾದ ಎಕೋ ಮಾಡುವಾಗ ಜೆಲ್ಲಿನ ಬಾಟಲಿಯನ್ನು ಕೋಟಿನ ಕಿಸೆಯಲ್ಲಿ ಬೆಚ್ಚಗಿಟ್ಟುಕೊಂಡು, ಪರದೆಗೆ ಮೂಗು ತಾಗುವಷ್ಟು ಬಾಗಿ ಕೂರುವ ಇವರು, ಎಲ್ಲ ಸರಿಯಿದ್ದರೂ ಹೇಳುವುದು ಒಂದೇ: “ನನಗ ಕಾಣಲಿಲ್ರಿ.” ನರ್ಸು ಪರಿಮಳಾ ಹಿಂದಿನಿಂದ ನಗುವುದುಂಟು, ನಗಲಿ ಪಾಪ, ಅವಳು ಈಚೆಗೆ ಬಂದವಳು.

ಒಂಬತ್ತು ವರ್ಷದ ಹಿಂದೆ ಇವರ ತಮ್ಮ ಚನ್ನಬಸವ ಬನವಾಸಿ ರಸ್ತೆಯಲ್ಲಿ ಗಾಡಿಯನ್ನು ಮರಕ್ಕೆ ಗುದ್ದಿ, ಸ್ಟೇರಿಂಗಿಗೆ ಎದೆ ಬಡಿಸಿಕೊಂಡು, ನಡೆದೇ ಅಕ್ಕನ ಬಳಿ ಬಂದ. ಎದೆಯ ಮೇಲಿಂದ ಎಕೋ ಮಾಡಿದರೆ ಹೃದಯ ಚೆನ್ನಾಗಿಯೇ ಬಡಿಯುತ್ತಿತ್ತು. ಗಂಟಲೊಳಗೆ ಎಕೋದ ಕೊಳವೆ ಇಳಿಸಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಧಮನಿಯನ್ನು ಹಿಂದಿನಿಂದಲೂ ನೋಡಬಹುದಿತ್ತು. ಆದರೆ ಅದಕ್ಕೆ ಇನ್ನೂ ಕೆಲವು ತಾಸು ಹೊಟ್ಟೆ ಖಾಲಿ ಬಿಡಬೇಕು, ಮನೆಯಲ್ಲಿ ಅವ್ವ ಅನ್ನಪೂರ್ಣವ್ವ ರೊಟ್ಟಿ ಬಡಿದು ಕಾಯುತ್ತಿದ್ದಳು. “ಏನೂ ಇಲ್ಲೋ, ಹೋಗಿ ಉಣ್ಣು,” ಎಂದರು ಮಹೇಶ್ವರಿ. ಅವನು ಎರಡನೆಯ ರೊಟ್ಟಿ ಮುರಿಯುವಾಗ, ಹರಿದಿದ್ದ ಮಹಾಧಮನಿ ಒಡೆದು ಅಲ್ಲೇ ಪ್ರಾಣ ಹೋಯಿತು. ಅವ್ವನಿಗೆ ಡಾಕ್ಟರ್ ಮಗಳು ಹೇಳಿದ್ದು ಒಂದು ಸುಳ್ಳು: “ಯಾರಿಗೂ ಗೊತ್ತಾಗಂಗಿರಲಿಲ್ಲ ಅವ್ವಾ.”

ಹೋದ ತಿಂಗಳು ಯಲ್ಲಾಪುರದ ಕಡೆಯ ಜೀಪು ಡ್ರೈವರ್ ವೆಂಕಟ್ರಮಣ ಹಾಗೆಯೇ ಎದೆಗೆ ಪೆಟ್ಟು ತಿಂದು ನಡೆದು ಬಂದ. ಬದುಕಿದ್ದಕ್ಕೆ ಊರ ದೇವಿ ಚೌಡಿಗೆ ಕಾಯಿ ಒಡೆಯುವ ತನಕ ನೀರೂ ಮುಟ್ಟುವುದಿಲ್ಲವೆಂದು ಹಟ ಹಿಡಿದವನನ್ನು ಹೆಂಡತಿ ದುರ್ಗಿ ಎಳೆದು ತಂದಿದ್ದಳು. ಮೇಲಿಂದ ನೋಡಿದರೆ ಇವನದೂ ಚೊಕ್ಕ.

“ಎಂತ ಇಲ್ಲ ಅಲ್ದಾ ಅಮ್ಮ? ಕಾಯಿ ಒಡ್ಕಂಡು ಬತ್ತೆ,” ಎಂದು ಎದ್ದ.

“ಕಾಯಿ ನಿನ್ನ ಹೆಂಡ್ತಿ ಒಡೀಲಿ. ನೀ ಮಲಕೋ.”

ತಮ್ಮನನ್ನು ಗದರುವಂತೆ ಗದರಿ, ಭುಜ ಒತ್ತಿ ಮಲಗಿಸಿದರು. ಅವನ ಹಟವೇ ಒಳ್ಳೆಯದಾಯಿತು, ಹೊಟ್ಟೆ ಖಾಲಿಯಿತ್ತು. ಕೊಳವೆ ಇಳಿಸಿದಾಗ ಕಂಡಿತು: ಮಹಾಧಮನಿಯ ಗೋಡೆಯಲ್ಲಿ ಹರಕು, ರಕ್ತದ ಹರಿವಿಗೆ ಅಲುಗುವ ಒಂದು ತೆಳು ಪದರ. ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿಯವರೆಗೆ ಆಂಬುಲೆನ್ಸಿನಲ್ಲಿ ತಾವೇ ಕೂತು ಹೋದರು. ಅವನು ಬದುಕಿಕೊಂಡ.

ದುರ್ಗಿ ತಂದುಕೊಟ್ಟ ಕಾಯಿಹೋಳನ್ನು ಮನೆಗೊಯ್ದು, ಸಂತೋಷದಲ್ಲಿ ಮೈಮರೆತು, ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟರು. ಅನ್ನಪೂರ್ಣವ್ವ ಹೋಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

“ಆ ಕೊಳವಿ ಅವತ್ತೂ ಇತ್ತೇನ?”

“ಇತ್ತವ್ವ.”

ಮುದುಕಿ ಎದ್ದು ಒಳಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಅವಳು ರೊಟ್ಟಿ ಬಡಿದಿಲ್ಲ.

ತಪ್ಪಿನಿಂದ ಕಲಿತವರನ್ನು ಲೋಕ ಹೊಗಳುತ್ತದೆ. ಆದರೆ ಇಂಥವರು ಉಳಿಸಿದ ಒಂದೊಂದು ಜೀವವೂ, ಆ ಮೊದಲನೆಯದನ್ನೂ ಉಳಿಸಬಹುದಿತ್ತೆಂದು ಅವರೆದುರೇ ಸಾಕ್ಷಿ ನುಡಿಯುತ್ತದೆ. ಅದನ್ನು ಕೇಳಿಸಿಕೊಂಡೇ ಅವರು ಮರುದಿನ ಮತ್ತೊಬ್ಬನನ್ನು ಉಳಿಸಲು ಹೊರಡುತ್ತಾರೆ.