ಟೈಮಿಂಗ್ ನಿಲ್ಲದ ಗಾಡಿ

ಇಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿ ಗಾಡಿ ವಾಪಸ್ಸು ಕೊಟ್ಟ ದಿನ ಬಾನೆಟ್ ಎತ್ತಿ ಹಿಡಿದು ತಮ್ಮ, "ನೋಡ್ಕೋ ಅಕ್ಕ, ನೀನು ಮುದುಕಿಯಾಗೋವರೆಗೂ ಇದರ ಚಿಂತೆ ಇಲ್ಲ" ಅಂದ. ಟ್ಯಾಕ್ಸಿ ಓಡಿಸಿ ಓಡಿಸಿ ಸೊಂಟ ಹಿಡಿದುಕೊಂಡಿದ್ದ ಅಕ್ಕನಿಗೆ ತಾನಾಗಲೇ ಅರ್ಧ ಮುದುಕಿ ಅನ್ನಿಸಿ ನಗು ಬಂತು. ಆದರೂ ಒರೆಸಿ ಫಳಫಳ ಮಾಡಿಟ್ಟಿದ್ದ ಇಂಜಿನ್ ನೋಡಿ ಎದೆ ತುಂಬಿತು. ಸ್ವಂತ ಗ್ಯಾರೇಜು ಹಾಕಿದ ಮೇಲೆ ತಮ್ಮ ಅವಳ ಗಾಡಿಗೆ ಮಾಡಿದ ಮೊದಲ ದೊಡ್ಡ ಕೆಲಸ ಅದು.

ಅಪ್ಪ ಹೋದಾಗ ಅವನಿನ್ನೂ ಶಾಲೆಯಲ್ಲಿದ್ದ. ಹಳೆಯ ಕಾರೊಂದನ್ನು ಕೊಂಡು, ಟ್ಯಾಕ್ಸಿ ಬೋರ್ಡು ಹಾಕಿಸಿ ಮನೆ ನಡೆಸಿದವಳು ಅವಳು. ಅವನನ್ನು ಊರಿನ ದೊಡ್ಡ ಮೇಸ್ತ್ರಿಯ ಬಳಿ ಕೆಲಸ ಕಲಿಯಲು ಬಿಟ್ಟವಳೂ ಅವಳೇ. ಮುಂದೆ ಮೇಸ್ತ್ರಿಗೂ ತಮ್ಮನಿಗೂ ಮಾತಿಗೆ ಮಾತು ಬೆಳೆದು, ಅವನು ಹೊರಬಿದ್ದು ತನ್ನದೇ ಶೆಡ್ಡು ಹಾಕಿದಾಗ ಅಕ್ಕ ಹಿಂದೆ ಮುಂದೆ ನೋಡದೆ ತಮ್ಮನ ಪಕ್ಷ ಹಿಡಿದಳು. ಅಲ್ಲಿಂದಾಚೆ ಮೇಸ್ತ್ರಿ ಎದುರಿಗೆ ಸಿಕ್ಕರೆ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದಳು.

ಗಾಡಿ ಮೊದಲ ವಾರವೇ ಕೈಕೊಡಲು ಶುರುಮಾಡಿತು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಸಿಗ್ನಲ್ಲಿನಲ್ಲಿ ನಿಂತರೆ ಗಡಗಡ ನಡುಗುವುದು, ಒಮ್ಮೊಮ್ಮೆ ಸೈಲೆನ್ಸರಿನಿಂದ ಢಂ ಅಂತ ಸದ್ದು ಬಂದು ದಾರಿಹೋಕರು ಹೌಹಾರುವುದು. ಏರು ಬಂತೆಂದರೆ ಇಂಜಿನ್ನಿನ ಒಳಗಿಂದ ಯಾರೋ ಚಿಕ್ಕ ಸುತ್ತಿಗೆಯಲ್ಲಿ ಬಡಿದ ಹಾಗೆ ಟಿಕಟಿಕ ಕೇಳುತ್ತಿತ್ತು. ತಮ್ಮ ನೋಡಿ, ಟೈಮಿಂಗ್ ಸ್ವಲ್ಪ ಜಾರಿದೆ ಅಂದ. ಪಿಸ್ಟನ್ ಮೇಲಕ್ಕೆ ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ ಕಿಡಿ ಹಾರಬೇಕು, ಬಹಳ ಮುಂಚೆ ಹಾರಿದರೆ ಪಿಸ್ಟನ್ನಿನ ನೆತ್ತಿಗೇ ಪೆಟ್ಟು, ತಡವಾದರೆ ಎಳೆಯುವ ಶಕ್ತಿಯೇ ಇರುವುದಿಲ್ಲ, ಇಷ್ಟೇ ವಿಷಯ ಅಂತ ಸಮಾಧಾನ ಹೇಳಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಬಿಗಿ ಮಾಡಿ ಕಳಿಸಿದ.

ಮರುದಿನ ಮತ್ತೆ ಅದೇ ಕಥೆ. ಆಮೇಲೆ ಅದೊಂದು ಗೋಳಾಗಿಬಿಟ್ಟಿತು. ಅಕ್ಕ ಬಾಡಿಗೆ ಬಿಟ್ಟು ಗ್ಯಾರೇಜಿಗೆ ಹೋಗಬೇಕು, ಸೀಟಿನಲ್ಲಿ ಕೂತು ಅವನು ಹೇಳಿದಷ್ಟು ಆಕ್ಸಿಲರೇಟರ್ ಒತ್ತಬೇಕು, ಅವನು ಮುಂದೆ ಬಗ್ಗಿ ಟೈಮಿಂಗ್ ಲೈಟು ಹಿಡಿದು ನೋಡಬೇಕು. ಒಂದು ಸಲ ಪ್ಲಗ್ಗಿನ ತಪ್ಪು ಅಂದ. ಇನ್ನೊಂದು ಸಲ ಪೆಟ್ರೋಲಿನಲ್ಲಿ ಕಲಬೆರಕೆ ಅಂದ. ಕಾರ್ಬುರೇಟರ್ ಬಿಚ್ಚಿ ತೊಳೆದ, ಕಾಯಿಲ್ ಬದಲಾಯಿಸಿದ. ಕೊನೆಗೆ ಅವಳು ಕ್ಲಚ್ ಬಿಡುವ ರೀತಿಯೇ ಸರಿಯಿಲ್ಲ ಅಂತಲೂ ಹೇಳಿಬಿಟ್ಟ. ಇಷ್ಟು ವರ್ಷ ಓಡಿಸಿದವಳಿಗೆ ಆ ಮಾತು ಚುಚ್ಚಿತು. ಆದರೂ ತನ್ನದೇ ತಪ್ಪಿರಬಹುದೇನೋ ಅಂತ ಕಾಲು ಮೆಲ್ಲಗೆ ಎತ್ತುವ ಅಭ್ಯಾಸ ಮಾಡಿಕೊಂಡಳು. ಲೈಟಿನಲ್ಲಿ ತಾನೂ ಒಮ್ಮೆ ನೋಡುತ್ತೇನೆ ಅಂದದ್ದಕ್ಕೆ, ನಿನಗೆ ಏನೂ ಗೊತ್ತಾಗೋಲ್ಲ ಬಿಡು ಅಂತ ಅವನು ಮಾತು ತೇಲಿಸಿದ.

ಅವಳ ಸಂಸಾರಕ್ಕೆ ಆಧಾರವಾಗಿದ್ದ ಖಾಯಂ ಬಾಡಿಗೆ ಲೆಕ್ಕದ ಮೇಷ್ಟ್ರದು. ನಿವೃತ್ತರಾಗಿ, ಮೂತ್ರಪಿಂಡ ಕೆಟ್ಟು, ವಾರದಲ್ಲಿ ಎರಡು ಮೂರು ಸಲ ಗುಡ್ಡದ ಮೇಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಅಕ್ಕನ ಪಕ್ಕದಲ್ಲೇ ಕೂತು, ಮುಂದೆ ಹೋಗುವ ಗಾಡಿಗಳ ನಂಬರನ್ನೆಲ್ಲ ಕೂಡಿಸಿ ಕಳೆದು ಅವಳನ್ನು ನಗಿಸುತ್ತಿದ್ದರು. ವಾಪಸ್ಸು ಬರುವಾಗ ಮಾತಾಡಲು ತ್ರಾಣ ಇರುತ್ತಿರಲಿಲ್ಲ. ಆಗ ಅವಳು ಗುಂಡಿ ತಪ್ಪಿಸಿ, ಮಗು ಮಲಗಿಸಿಕೊಂಡವಳ ಹಾಗೆ ಓಡಿಸುತ್ತಿದ್ದಳು.

ಗಾಡಿ ನಿಂತದ್ದು ಆ ಗುಡ್ಡದ ಏರಿನಲ್ಲೇ. ಟಿಕಟಿಕ ಜೋರಾಯಿತು, ಬಿಸಿಯ ಮುಳ್ಳು ಕೆಂಪಿಗೆ ಹೋಯಿತು, ಒಳಗೇನೋ ಒಡೆದ ಹಾಗೆ ಸದ್ದಾಗಿ ಇಂಜಿನ್ ಸುಮ್ಮನಾಯಿತು. ಮಟಮಟ ಮಧ್ಯಾಹ್ನ. ಅಕ್ಕ ರಸ್ತೆಯ ಮಧ್ಯೆ ನಿಂತು ಬಂದ ಬಂದ ಗಾಡಿಗೆಲ್ಲ ಕೈ ಅಡ್ಡ ಹಿಡಿದಳು. ಕಡೆಗೆ ಒಂದು ತರಕಾರಿ ಟೆಂಪೋದವನು ಮೇಷ್ಟ್ರನ್ನು ಹತ್ತಿಸಿಕೊಂಡ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಸರದಿ ಬೇರೆಯವರಿಗೆ ಹೋಗಿತ್ತು. ಅವರನ್ನು ಮರುದಿನ ಬರಹೇಳಿದರು. ಆ ರಾತ್ರಿ ಅವರಿಗೆ ಉಸಿರು ಕಟ್ಟಿ, ಮನೆಯವರೆಲ್ಲ ಕೈಯಲ್ಲಿ ಜೀವ ಹಿಡಿದುಕೊಂಡು ಕೂತಿದ್ದರಂತೆ. ಎರಡು ದಿನ ಕಳೆದು ಸೊಸೆ ಫೋನು ಮಾಡಿ, ಬೇಸರ ಮಾಡ್ಕೋಬೇಡಿ, ಬೇರೆ ಟ್ಯಾಕ್ಸಿ ಗೊತ್ತುಮಾಡಿದ್ದೇವೆ ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಾಡಿಯನ್ನು ಎಳೆಸಿಕೊಂಡು ಅಕ್ಕ ಈ ಸಲ ತಮ್ಮನ ಶೆಡ್ಡಿಗೆ ಹೋಗಲಿಲ್ಲ. ನಾಚಿಕೆ ಬದಿಗಿಟ್ಟು ದೊಡ್ಡ ಮೇಸ್ತ್ರಿಯ ಬಾಗಿಲಿಗೆ ಹೋದಳು. ಅವರು ಹಳೆಯದನ್ನು ಎತ್ತಿ ಆಡಲಿಲ್ಲ. ಗಾಡಿ ಒಳಗೆ ತಳ್ಳಿಸಿದರು, ತಣ್ಣಗಾದ ಮೇಲೆ ಕೆಮ್ಮುತ್ತಿದ್ದ ಇಂಜಿನ್ನನ್ನು ಹೇಗೋ ಸ್ಟಾರ್ಟ್ ಮಾಡಿಸಿ ಟೈಮಿಂಗ್ ಲೈಟನ್ನು ಅವಳ ಕೈಗೇ ಕೊಟ್ಟರು. ಲೈಟು ಮಿಂಚಿದಾಗಲೆಲ್ಲ ತಿರುಗುವ ಪುಲ್ಲಿಯ ಮೇಲಿನ ಬಿಳಿ ಗೆರೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣಬೇಕು ಅಂದರು. ಅವಳಿಗೆ ಕಂಡ ಗೆರೆ ನಿಂತಿರಲಿಲ್ಲ. ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಹಾಗೆ ಅತ್ತಿತ್ತ ಕುಣಿಯುತ್ತಿತ್ತು.

ಮೇಸ್ತ್ರಿ ಇಂಜಿನ್ ಆಫ್ ಮಾಡಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಶಾಫ್ಟನ್ನು ಎರಡು ಬೆರಳಲ್ಲಿ ಅಲ್ಲಾಡಿಸಿದರು. ಅದು ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. ಸವೆದು ಹೋಗಿದೆ, ಇದನ್ನು ಎಷ್ಟು ಸಲ ಸರಿಮಾಡಿ ಬಿಗಿದರೂ ಟೈಮಿಂಗ್ ನಿಲ್ಲೋಲ್ಲ ಅಂದರು.

ಅಕ್ಕ ಒಪ್ಪಲಿಲ್ಲ. ಹಿಂದಿನ ವರ್ಷವಷ್ಟೇ ಹೊಸ ಡಿಸ್ಟ್ರಿಬ್ಯೂಟರ್ ನಾನೇ ನಿಂತು ಹಾಕಿಸಿದ್ದೆ, ಸವೆಯಲು ಹೇಗೆ ಸಾಧ್ಯ ಅಂದಳು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಅದರ ಮೈಯನ್ನು ಕೆರೆದರು. ಬೆಳ್ಳಿ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಒಳಗೆ ಕಪ್ಪಾಗಿ ಹಳೆಯ ಲೋಹ.

"ಇಂಜಿನ್ ಅಚ್ಚುಕಟ್ಟಾಗಿ ಕಟ್ಟಿದಾನಮ್ಮ, ಅದರಲ್ಲಿ ಎರಡು ಮಾತಿಲ್ಲ" ಅಂದರು ಮೇಸ್ತ್ರಿ. "ಇದೊಂದು ಮಾತ್ರ ನಿನ್ನ ಗಾಡೀದಲ್ಲ."

ಆಮೇಲೆ ಹೆಡ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ಅಂಚು ಮುರಿದಿದ್ದೂ ಕಂಡಿತು.

ಅಕ್ಕ ನಡೆದುಕೊಂಡೇ ತಮ್ಮನ ಗ್ಯಾರೇಜಿಗೆ ಹೋದಳು. ಅವನು ಯಾವುದೋ ಗಾಡಿಯ ಕೆಳಗೆ ಮಲಗಿದ್ದ. ಅವಳ ಚಪ್ಪಲಿ ಗುರುತು ಹಿಡಿದು ಹೊರಗೆ ಜಾರಿ ಬಂದ. ಕಿರುಚಾಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದವಳಿಗೆ ಅವನ ಮುಖ ಕಂಡದ್ದೇ ದನಿ ಇಳಿಯಿತು. ನನ್ನ ಡಿಸ್ಟ್ರಿಬ್ಯೂಟರ್ ಎಲ್ಲಿ ಅಂತಷ್ಟೇ ಕೇಳಿದಳು.

ಅವನು ಬನಿಯನ್ನಿನ ಅಂಚಿಗೆ ಕೈ ಒರೆಸಿಕೊಂಡ. ಆಮೇಲೆ ಒಂದೊಂದಾಗಿ ಬಾಯಿಬಿಟ್ಟ. ಕಣ್ಣಿನ ಡಾಕ್ಟರೊಬ್ಬರ ಬಳಿ ಇದೇ ಮಾಡೆಲ್ಲಿನ ಗಾಡಿ ಇದೆ, ಶೋಕಿಗೆ ಇಟ್ಟುಕೊಂಡದ್ದು. ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯಬೇಕು ಅಂತ ತಲೆಮೇಲೆ ಕೂತಿದ್ದರು. ಅದರ ಡಿಸ್ಟ್ರಿಬ್ಯೂಟರ್ ಸವೆದಿತ್ತು, ಹೊಸದು ತಕ್ಷಣಕ್ಕೆ ಎಲ್ಲೂ ಸಿಗಲಿಲ್ಲ. ಅವರನ್ನು ಹಿಡಿದುಕೊಂಡರೆ ಅವರ ಗೆಳೆಯರ ಗಾಡಿಗಳೂ ಬರುತ್ತವೆ. ಹಾಗಾಗಿ ಅವಳದ್ದನ್ನು ಅದಕ್ಕೆ ಹಾಕಿ, ಅದರದ್ದಕ್ಕೆ ಬಣ್ಣ ಹೊಡೆದು ಅವಳ ಗಾಡಿಗೆ ಕೂರಿಸಿದ. ಆರ್ಡರ್ ಮಾಡಿದ್ದು ಬಂದ ತಕ್ಷಣ ಬದಲಾಯಿಸಬೇಕು ಅಂತಲೇ ಇದ್ದನಂತೆ.

"ಬಂತಾ?" ಅಂದಳು ಅಕ್ಕ.

"ಬಂತು." ಅವನು ನೆಲ ನೋಡಿದ. "ಅಷ್ಟರಲ್ಲಿ ಇನ್ನೊಬ್ಬರು ಬಂದು ಕೂತಿದ್ರು, ಅವರ ಗಾಡಿಗೆ ಹಾಕ್ಬಿಟ್ಟೆ. ನೀನಾದ್ರೆ ಕಾಯ್ತೀಯ ಅಂದ್ಕೊಂಡೆ."

"ಮತ್ತೆ ನಾನು ಸೀಟಲ್ಲಿ ಕೂತು ಕಾಲು ಒತ್ತಿದ್ದು? ಕ್ಲಚ್ ಬಿಡೋದು ಬರೋಲ್ಲ ಅಂದಿದ್ದು?"

ಅವನು ಸ್ಪ್ಯಾನರ್ ಎತ್ತಿಕೊಂಡ. ಬೇಕಿದ್ದರೆ ಈಗಲೇ ಬಿಚ್ಚಿ ಸರಿಮಾಡಿಕೊಡುತ್ತೇನೆ, ಗಾಡಿ ತಗೊಂಡು ಬಾ ಅಂದ. ಅವನು ಕೆಟ್ಟವನಾಗಿದ್ದರೆ ಅಕ್ಕ ಶಾಪ ಹಾಕಿ ಹೊರಡಬಹುದಿತ್ತು. ಅವಳು ಕಾಯುತ್ತಾಳೆ ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಷ್ಟು ವರ್ಷ ಅವಳು ಮಾಡಿದ್ದೂ ಅದನ್ನೇ.

ಗಾಡಿಯನ್ನು ಮೇಸ್ತ್ರಿಯೇ ರಿಪೇರಿ ಮಾಡಿದರು. ಪಿಸ್ಟನ್ ಬದಲಾಯಿಸಿ, ಆ ಸವೆದ ಡಿಸ್ಟ್ರಿಬ್ಯೂಟರಿಗೇ ಶಾಫ್ಟು ಅಲ್ಲಾಡದ ಹಾಗೆ ಲೇತ್ ಅಂಗಡಿಯಲ್ಲಿ ಹೊಸ ಬುಷ್ ಹಾಕಿಸಿದರು. ಬುಷ್ ಹಾಕಿಸುವುದು ಅರ್ಧ ದಿನವೂ ಹಿಡಿಯದ ಕೆಲಸ. ತಮ್ಮನೂ ಅಷ್ಟು ಮಾಡಿಸಬಹುದಿತ್ತು ಅನ್ನುವುದು ತಿಳಿದ ಮೇಲೆ ಅಕ್ಕನಿಗೆ ಉಳಿದಿದ್ದ ಚೂರುಪಾರು ಸಮಾಧಾನವೂ ಹೋಯಿತು.

ಮೇಷ್ಟ್ರು ಮರಳಿ ಬರಲಿಲ್ಲ. ಗಾಡಿ ಸರಿಯಾಗಿದೆ ಅಂತ ಹೇಳಲು ಅವಳೇ ಅವರ ಮನೆಗೆ ಹೋಗಿದ್ದಳು. ಅವರು ಮಂಚದಲ್ಲಿ ಒರಗಿಕೊಂಡು ಆದರದಿಂದಲೇ ಮಾತಾಡಿಸಿದರು, ಸೊಸೆ ಬಾಗಿಲವರೆಗೂ ಬಂದು ಬೀಳ್ಕೊಟ್ಟಳು. ಗಾಡಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವಳು ಈಗ ರೈಲ್ವೆ ಸ್ಟೇಷನ್ನಿನ ಮುಂದೆ ಸಾಲಿನಲ್ಲಿ ನಿಂತು ಬಂದವರನ್ನು ಹತ್ತಿಸಿಕೊಳ್ಳುತ್ತಾಳೆ.

ತಮ್ಮನ ಗ್ಯಾರೇಜು ಕೈಹಿಡಿಯಿತು. ಡಾಕ್ಟರ ಗೆಳೆಯರ ಗಾಡಿಗಳು ಬಂದವು, ಶೆಡ್ಡು ಇನ್ನೊಂದು ಅಂಕಣ ಬೆಳೆಯಿತು. ಅಕ್ಕನೂ ತಮ್ಮನೂ ಅಮ್ಮನ ಮನೆಗೆ ಬೇರೆ ಬೇರೆ ಹೊತ್ತಿಗೆ ಹೋಗುತ್ತಾರೆ. ಅಮ್ಮನಿಗೆ ಇಬ್ಬರೂ ಏನೂ ಬಿಡಿಸಿ ಹೇಳಿಲ್ಲ.

ಮೊನ್ನೆ ಅಮ್ಮ ಬಟ್ಟೆ ಮಡಚುತ್ತಾ, ನಿನ್ನ ಗಾಡಿ ಈಗ ಚೆನ್ನಾಗಿ ಓಡುತ್ತಿದೆಯಂತಲ್ಲ, ತಮ್ಮ ಕಟ್ಟಿದ ಇಂಜಿನ್ ಅಲ್ಲವಾ, ಅವನಿಗೊಂದು ಒಳ್ಳೆ ಮಾತು ಹೇಳಬಾರದಾ ಅಂದಳು.

"ಹೌದಮ್ಮ. ಇಂಜಿನ್ ಚೆನ್ನಾಗೇ ಕಟ್ಟಿದಾನೆ" ಅಂದಳು ಅಕ್ಕ.

ಅಮ್ಮನ ಮುಖ ಅರಳಿತು. ಈ ಮಾತನ್ನು ಅವನಿಗೆ ಮುಟ್ಟಿಸುತ್ತೇನೆ ಅಂದಳು. ಮುಟ್ಟಿಸು ಅಂತ ಹೇಳಿ ಅಕ್ಕ ಉಳಿದ ಬಟ್ಟೆಗಳನ್ನು ತನ್ನ ಕಡೆಗೆ ಎಳೆದುಕೊಂಡು ಮಡಚತೊಡಗಿದಳು.